ಗಂಟು ಕಟ್ಟುವವರಿಗೆ ಒಂದು ಮಾತು

ಹೋದ ವರ್ಷ ದೀಪಾವಳಿ ಮುಗಿದು ಹದಿನೈದು ದಿನ ಆಗಿರಬೇಕು. ಶನಿವಾರ ಸಂಜೆ ತಮ್ಮ ಫೋನ್ ಮಾಡಿದ. ‘ಅಣ್ಣಾ, ಕಾಗದಪತ್ರ ಎಲ್ಲಾ ಒಂದ ಜಿಪ್ ಮಾಡಿ ಮೇಲ್ ಹಾಕೇನಿ ನೋಡು. ಓದಿ ಹೂಂ ಅಂದ್ರ ಸೋಮವಾರ ನೋಂದಣಿ ಮುಗಿಸಿ ಬಿಡೂಣು.’

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಗದಗಿನ ಹತ್ತಿರ ನಮ್ಮದು ಏಳು ಎಕರೆ ಇಪ್ಪತ್ತು ಗುಂಟೆ ಎರೆಹೊಲ. ಅವ್ವ, ನಾನು, ತಮ್ಮ, ಮೂವರಿಗೂ ಸಮ ಪಾಲು ಎಂದು ಮನೆಯಲ್ಲೇ ಕೂತು ಮಾತಾಗಿತ್ತು. ಜಗಳ ಇಲ್ಲ, ತಕರಾರಿಲ್ಲ. ವಾಟ್ನಿ ಪತ್ರದ ಕರಡು, ಹಳೆಯ ಉತಾರ, ನಕಾಶೆ ಎಲ್ಲವೂ ಆ ಜಿಪ್‌ನಲ್ಲಿದ್ದವು. ಭಾನುವಾರ ರಾತ್ರಿಯ ಹುಬ್ಬಳ್ಳಿ ಬಸ್ಸಿಗೆ ನನ್ನ ಟಿಕೆಟ್ ಆಗಿತ್ತು. ಅಂದರೆ ಓದಲು ನನಗೆ ಒಂದು ರಾತ್ರಿ, ಒಂದು ಹಗಲು.

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟು ವರ್ಷದಿಂದ ಇಲ್ಲೇ ಇದ್ದೇನೆ. ಎರಡನೇ ಇಯತ್ತೆ ಮುಗಿಯುವ ಹೊತ್ತಿಗೆ ನನ್ನ ಎರಡೂ ಕಣ್ಣು ಹೋಗಿದ್ದವು. ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ನನಗೆ ಓದಿ ಹೇಳುತ್ತದೆ. ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿ, ಗೆಳೆಯ ಜೇಮ್ಸ್ ಟೆಹ್ ಜೊತೆ ಬೆಳೆಸಿದ್ದು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ. ಸಾವಿರಾರು ರೂಪಾಯಿ ಕೊಟ್ಟು ತಂತ್ರಾಂಶ ಕೊಳ್ಳಲಾಗದ ನನ್ನಂಥ ಎಷ್ಟೋ ಹಳ್ಳಿಯ ಹುಡುಗರು ಓದಿ ಕೆಲಸಕ್ಕೆ ಸೇರಿದ್ದು ಅದರಿಂದ.

ಅಂದು ರಾತ್ರಿ ಊಟ ಮುಗಿಸಿ ಕೂತೆ. ತಮ್ಮ ಕಳಿಸಿದ ಗಂಟಿನ ಹೆಸರು ‘ನ್ಯೂ ಫೋಲ್ಡರ್ 2’. ಬಿಚ್ಚಿದೆ. ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್. ಅದರೊಳಗೆ ಇನ್ನೊಂದು ಜಿಪ್. ಅದನ್ನೂ ಬಿಚ್ಚಿದರೆ ಹದಿನಾಲ್ಕು ಫೈಲು. ಹನ್ನೊಂದರ ಹೆಸರು ‘ಐಎಂಜಿ’ ಎಂದು ಶುರುವಾಗಿ ಉದ್ದಕ್ಕೆ ಅಂಕಿಗಳು. ಎರಡರ ಹೆಸರು ಕನ್ನಡದಲ್ಲಿತ್ತೆಂದು ಆಮೇಲೆ ಗೊತ್ತಾಯಿತು, ಆದರೆ ನನ್ನ ಕಿವಿಗೆ ಬಿದ್ದದ್ದು ಗ್ರೀಕ್ ಅಕ್ಷರ, ಫ್ರೆಂಚ್ ಅಕ್ಷರ, ನಡುವೆ ಮೌನ. ಕೊನೆಯದು ವರ್ಡ್ ಫೈಲು, ವಾಟ್ನಿ ಪತ್ರದ ಕರಡು ಅದೇ. ತೆರೆದೆ. ಕಂಪ್ಯೂಟರು ಜ್ವರ ಬಂದವರು ಬಡಬಡಿಸಿದಂತೆ ಏನೇನೋ ಓದತೊಡಗಿತು.

ಇಂಥ ರಾತ್ರಿಗಳು ನನಗೆ ಹೊಸವಲ್ಲ. ಊರು ಬಿಟ್ಟು ಬಂದ ನಮ್ಮೆಲ್ಲರ ಬಾಳೂ ಈಗ ಜಿಪ್‌ನಲ್ಲೇ ಬರುತ್ತದೆ ಹೋಗುತ್ತದೆ. ಕಂಪನಿ ಬಿಟ್ಟರೆ ಸಂಬಳದ ಚೀಟಿಗಳೆಲ್ಲ ಒಂದು ಜಿಪ್. ಮನೆ ಬಾಡಿಗೆ ಕರಾರು, ಸಾಲದ ಕಾಗದ, ಅಪ್ಪ ಅಮ್ಮನ ಸ್ಕ್ಯಾನ್ ರಿಪೋರ್ಟು, ತಂಗಿಯ ಮದುವೆಯ ಫೋಟೊ. ನಿಮಗೆ ಅದು ಒಂದು ಕ್ಲಿಕ್, ಎರಡು ಕ್ಲಿಕ್. ಬಿಚ್ಚಿದ್ದು ನೆನಪೂ ಇರುವುದಿಲ್ಲ. ನನಗೂ ಬಿಚ್ಚುವುದೇನೂ ಕಷ್ಟವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಪ್ ಎಂದರೆ ಕುರುಡರಿಗೆ ಆಗದ ವಿದ್ಯೆ ಎಂದು ಯಾರೂ ತಿಳಿಯಬೇಡಿ. ಕಷ್ಟ ಇರುವುದು ಬೇರೆ ಕಡೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚುವ ಕೆಲಸ ಹೇಗಿರುತ್ತದೆ ಎಂದರೆ, ಫೈಲಿನ ಮೇಲೆ ನಿಂತು ಶಿಫ್ಟ್ ಜೊತೆ ಎಫ್ 10 ಒತ್ತುತ್ತೇನೆ, ಮೆನು ಬರುತ್ತದೆ, ‘ಎಕ್ಸ್‌ಟ್ರಾಕ್ಟ್ ಆಲ್’ ಹುಡುಕಿ ಎಂಟರ್. ಯಾವ ಜಾಗಕ್ಕೆ ಎಂದು ಕೇಳುತ್ತದೆ, ಇನ್ನೊಂದು ಎಂಟರ್. ಫೈಲು ದೊಡ್ಡದಾಗಿದ್ದರೆ ಬೀಪ್ ಬೀಪ್ ಎಂದು ಸಣ್ಣ ಸದ್ದು ಶುರುವಾಗಿ ಅದರ ಸ್ವರ ಏರುತ್ತಾ ಹೋಗುತ್ತದೆ. ನಿಮಗೆ ಹಸಿರು ಪಟ್ಟಿ ತುಂಬುತ್ತಾ ಹೋಗುವುದು ಕಾಣುತ್ತದಲ್ಲ, ಅದರ ಬದಲು. ನಲ್ಲಿಯ ಕೆಳಗೆ ಕೊಡ ಇಟ್ಟಾಗ ತುಂಬುತ್ತಾ ಬಂದ ಹಾಗೆ ನೀರಿನ ಸದ್ದು ಏರುತ್ತದಲ್ಲ, ಹಾಗೆಯೇ. ಸಣ್ಣವನಿದ್ದಾಗ ನಲ್ಲಿಯ ಮುಂದೆ ಕೂತು, ಕೊಡ ತುಂಬಿತು ಎಂದು ಅವ್ವನಿಗೆ ಕೂಗಿ ಹೇಳುವುದು ನನ್ನ ಕೆಲಸವಾಗಿತ್ತು. ಒಂದು ದಿನವೂ ನೀರು ಚೆಲ್ಲಿದ್ದಿಲ್ಲ. ಎನ್‌ವಿಡಿಎಯ ಆ ಬೀಪ್ ಮೊದಲ ಸಲ ಕೇಳಿದಾಗ ನನಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಆದರೆ ಒಂದು ಮೋಸ ಇದರಲ್ಲಿದೆ. ಅದರಿಂದ ನಾನೊಂದು ಕೆಲಸವನ್ನೇ ಕಳೆದುಕೊಂಡೆ. ಹನ್ನೊಂದು ವರ್ಷದ ಹಿಂದಿನ ಮಾತು, ಎಂ.ಟೆಕ್. ಕೊನೆಯ ಸೆಮಿಸ್ಟರ್. ಒಂದು ಕಂಪನಿ ಮನೆಯಿಂದಲೇ ಬರೆಯುವ ಪರೀಕ್ಷೆ ಇಟ್ಟಿತ್ತು. ಪ್ರಶ್ನೆ, ಅರ್ಧ ಬರೆದ ಪ್ರೋಗ್ರಾಂ ಎಲ್ಲ ಒಂದು ಜಿಪ್‌ನಲ್ಲಿ ಬರುತ್ತವೆ. ತೊಂಬತ್ತು ನಿಮಿಷದಲ್ಲಿ ಪೂರ್ತಿ ಮಾಡಿ ಮತ್ತೆ ಜಿಪ್ ಮಾಡಿ ಕಳಿಸಬೇಕು. ನಾನು ಆತುರದಲ್ಲಿ ಜಿಪ್‌ನ ಮೇಲೆ ನಿಂತು ಎಂಟರ್ ಒತ್ತಿದೆ. ವಿಂಡೋಸ್‌ನಲ್ಲಿ ಹಾಗೆ ಮಾಡಿದರೆ ಜಿಪ್ ಬಿಚ್ಚಿಕೊಳ್ಳುವುದಿಲ್ಲ, ಮಾಮೂಲು ಫೋಲ್ಡರಿನಂತೆ ಬಾಗಿಲು ತೆರೆದು ಒಳಗೆ ಬಿಡುತ್ತದೆ. ಕಣ್ಣಿದ್ದವರಿಗೆ ಚಿತ್ರದ ಮೇಲೆ ಜಿಪ್ಪಿನ ಗುರುತು ಕಾಣುತ್ತದೆ. ಸ್ಕ್ರೀನ್ ರೀಡರ್‌ಗೆ ಚಿತ್ರ ಕಾಣುವುದಿಲ್ಲ. ಅದು ಹೇಳುವುದು ಹೆಸರನ್ನು, ಆಮೇಲೆ ತಾರೀಖು, ಆಮೇಲೆ ಇದು ಯಾವ ಬಗೆಯದು ಎಂಬುದನ್ನು. ಅಷ್ಟು ಕೇಳುವ ತಾಳ್ಮೆ ಪರೀಕ್ಷೆಯ ಹೊತ್ತಿನಲ್ಲಿ ಯಾರಿಗಿರುತ್ತದೆ? ಫೈಲಿನ ಹೆಸರಿನ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡಿಡುತ್ತದೆ. ಹಾಗಾಗಿ ಜಿಪ್‌ನ ಹೆಸರೂ ಬಿಚ್ಚಿದ ಫೋಲ್ಡರಿನ ಹೆಸರೂ ಕಿವಿಗೆ ಒಂದೇ.

ಜಿಪ್‌ನ ಒಳಗಿಂದ ಒಂದು ಫೈಲು ತೆರೆದರೆ ನಿಮ್ಮ ಕೈಗೆ ಬರುವುದು ತಾತ್ಕಾಲಿಕ ನಕಲು. ಬರೆದು ಮುಗಿಸಿ ಉಳಿಸಲು ಹೋದೆ, ಎಲ್ಲಿ ಉಳಿಸಲಿ ಎಂದು ಕೇಳಿತು. ಇದೇನು ಹೊಸದಾಗಿ ಕೇಳುತ್ತಿದೆ ಎಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಎಂಟರ್ ಒತ್ತಿದೆ. ಉತ್ತರಗಳೆಲ್ಲ ಬೇರೆ ಎಲ್ಲೋ ಹೋಗಿ ಕೂತವು. ಕೊನೆಯ ಐದು ನಿಮಿಷದಲ್ಲಿ ಜಿಪ್ ಎತ್ತಿ ಕಳಿಸಿದೆ. ಕಳಿಸಿದ್ದು ಅವರದೇ ಪ್ರಶ್ನೆಪತ್ರಿಕೆ, ಒಂದಕ್ಷರವೂ ಬದಲಾಗದೆ. ಮೂರು ದಿನ ಬಿಟ್ಟು ಎರಡು ಸಾಲಿನ ಪತ್ರ ಬಂತು, ಉತ್ತರಗಳು ಸಿಕ್ಕಿಲ್ಲ ಎಂದು. ನಾನು ವಿವರಿಸಿ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ತಪ್ಪು ನನ್ನದೇ, ಇಲ್ಲವೆನ್ನುವುದಿಲ್ಲ. ಆದರೆ ‘ಮೊದಲು ಬಿಚ್ಚಿಕೊಳ್ಳಿ, ಆಮೇಲೆ ಬರೆಯಿರಿ’ ಎಂಬ ಒಂದು ಸಾಲು ಸೂಚನೆಗಳಲ್ಲಿ ಇದ್ದಿದ್ದರೆ ಕಣ್ಣಿದ್ದ ಎಷ್ಟು ಜನಕ್ಕೂ ಅನುಕೂಲವಾಗುತ್ತಿತ್ತೋ! ಆ ಪರೀಕ್ಷೆಯಲ್ಲಿ ಹೀಗೆ ಮಾಡಿಕೊಂಡವನು ನಾನೊಬ್ಬನೇ ಅಲ್ಲ ಎಂದು ಆಮೇಲೆ ಹಾಸ್ಟೆಲಿನಲ್ಲಿ ತಿಳಿಯಿತು.

ಅಂದಿನಿಂದ ಹೊಸ ಕಂಪ್ಯೂಟರ್ ಕೈಗೆ ಬಂದರೆ ನಾನು ಮಾಡುವ ಮೊದಲ ಕೆಲಸ ಫೈಲಿನ ಬಾಲ ಕಾಣುವಂತೆ, ಅಂದರೆ ಕೇಳುವಂತೆ, ಮಾಡಿಕೊಳ್ಳುವುದು. ‘ಡಾಟ್ ಜಿಪ್’ ಎಂದು ಕಿವಿಗೆ ಬಿದ್ದರೆ ಮೈಯೆಲ್ಲ ಎಚ್ಚರ. ಒಳಗೆ ಹೊಕ್ಕ ಮೇಲೂ ಅನುಮಾನ ಬಂದರೆ ಆಲ್ಟ್ ಜೊತೆ ಡಿ ಒತ್ತಿ ಎಲ್ಲಿದ್ದೇನೆ ಎಂದು ವಿಳಾಸ ಕೇಳಿಸಿಕೊಳ್ಳುತ್ತೇನೆ.

ಆಫೀಸಿನಲ್ಲಿ ನನಗೆ ಇದೆಲ್ಲ ಬೇಕಾಗುವುದೇ ಇಲ್ಲ. ಅಲ್ಲಿ ನನ್ನ ಕೆಲಸ ಬಹುಪಾಲು ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ. ದಿನಕ್ಕೆ ಇಪ್ಪತ್ತು ಮೂವತ್ತು ಗಂಟು ಬಿಚ್ಚುತ್ತೇನೆ, ಸರ್ವರುಗಳಿಂದ ಬರುವ ಲಾಗ್ ಫೈಲುಗಳು. ಪಕ್ಕದ ಮರಾಠಿ ಗೆಳೆಯ ಮೌಸ್ ಹಿಡಿದು ಹುಡುಕುವಷ್ಟರಲ್ಲಿ ನನ್ನದು ಮುಗಿದಿರುತ್ತದೆ. 2018ರಿಂದ ವಿಂಡೋಸ್ 10ರಲ್ಲೂ ‘ಟಾರ್’ ಎಂಬ ಆಜ್ಞೆ ತಾನಾಗಿಯೇ ಬರುತ್ತದೆ. ಅದರ ಮುಂದೆ ಒಂದು ಹೈಫನ್, ಟಿ, ಎಫ್ ಬರೆದು ಫೈಲಿನ ಹೆಸರು ಕೊಟ್ಟರೆ ಗಂಟನ್ನು ಬಿಚ್ಚದೆಯೇ ಒಳಗೆ ಏನೇನಿದೆ ಎಂದು ಪಟ್ಟಿ ಓದಿ ಹೇಳುತ್ತದೆ. ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಕಪ್ಪು ಕಿಟಕಿ ಬೇಡವೆನ್ನುವವರಿಗೆ ಸೆವೆನ್‌ಜಿಪ್ ಇದೆ, ಅದೂ ಉಚಿತ, ಕೀಲಿಮಣೆಯಿಂದಲೇ ಎಲ್ಲ ಆಗುತ್ತದೆ. ಈಗ, 2023ರಿಂದೀಚೆಗೆ, ವಿಂಡೋಸ್ 11 ತಾನೇ ರಾರ್ ಮತ್ತು ಸೆವೆನ್‌ಜೆಡ್ ಫೈಲುಗಳನ್ನೂ ತೆರೆಯುತ್ತದೆ. ಉಪಕರಣಗಳ ಬಗ್ಗೆ ನನ್ನ ದೂರು ಕಡಿಮೆ.

ಇನ್ನು ಕುಗ್ಗಿಸುವ ವಿದ್ಯೆಯ ಬಗ್ಗೆ ನನಗೆ ಸ್ವಲ್ಪ ಮೋಹವೇ ಇದೆ. ಬ್ರೈಲ್ ಕಲಿತವರಿಗೆ ಅದು ಪರಕೀಯ ಅನ್ನಿಸುವುದಿಲ್ಲ. ಇಂಗ್ಲಿಷ್ ಬ್ರೈಲ್‌ನಲ್ಲಿ ಎರಡನೇ ದರ್ಜೆ ಎಂದಿದೆ, ‘ಕೆ’ ಒಂದನ್ನೇ ಬಿಡಿಯಾಗಿ ಬರೆದರೆ ‘ನಾಲೆಜ್’ ಎಂದು ಓದಬೇಕು, ‘ದಿ’ ಎಂಬ ಪದಕ್ಕೆ ಒಂದೇ ಮನೆ. ಪದೇ ಪದೇ ಬರುವುದಕ್ಕೆ ಸಣ್ಣ ಗುರುತು ಕೊಡು, ಅಪರೂಪದ್ದಕ್ಕೆ ಉದ್ದ ಗುರುತು ಇರಲಿ. 1952ರಲ್ಲಿ ಡೇವಿಡ್ ಹಫ್‌ಮನ್ ಗಣಿತದಲ್ಲಿ ತೋರಿಸಿದ್ದು ಇದೇ ಜಾಡಿನ ವಿಚಾರ. 1977ರಲ್ಲಿ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಅದಕ್ಕೆ ಇನ್ನೊಂದು ಉಪಾಯ ಕೊಟ್ಟರು: ಹಿಂದೆ ಬಂದದ್ದೇ ಮತ್ತೆ ಬಂದರೆ ಬರೆಯಬೇಡ, ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ಎತ್ತಿಕೋ ಎಂದು ಹೇಳಿದರೆ ಸಾಕು. ಈ ಎರಡನ್ನೂ ಸೇರಿಸಿದ್ದೇ ಜಿಪ್‌ನ ಒಳಗಿನ ಯಂತ್ರ. 1989ರಲ್ಲಿ ಜಿಪ್ ಅನ್ನು ಹೊರತಂದ ಅಮೆರಿಕದ ಫಿಲ್ ಕ್ಯಾಟ್ಜ್ ಹೆಸರಿನ ಮೊದಲಕ್ಷರಗಳು, ಪಿ ಮತ್ತು ಕೆ, ಇವತ್ತಿಗೂ ಪ್ರತಿ ಜಿಪ್ ಫೈಲಿನ ತಲೆಯ ಮೇಲೆ ಇರುತ್ತವೆ. ನಿಮ್ಮ ವರ್ಡ್‌ನ ಡಾಕ್ಸ್ ಫೈಲು, ಎಕ್ಸೆಲ್ ಫೈಲು, ಇ-ಪಬ್ ಪುಸ್ತಕ ಎಲ್ಲವೂ ವೇಷ ಬದಲಿಸಿದ ಜಿಪ್‌ಗಳೇ. ಒಮ್ಮೆ ಕೆಟ್ಟುಹೋದ ವರ್ಡ್ ಫೈಲಿನ ಬಾಲಕ್ಕೆ ‘ಜಿಪ್’ ಎಂದು ಹೆಸರಿಟ್ಟು ಬಿಚ್ಚಿ, ಒಳಗಿನ ಬರಹವನ್ನು ಉಳಿಸಿಕೊಂಡಿದ್ದೇನೆ.

ಕನ್ನಡಕ್ಕೆ ಈ ಯಂತ್ರ ಚೆನ್ನಾಗಿ ಒಗ್ಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂದು ಬರೆದರೆ ಒತ್ತಿನ ಗುರುತೂ ಸೇರಿ ಐದು ಸಂಕೇತ, ಹದಿನೈದು ಬೈಟ್. ದುಬಾರಿ ಅನ್ನಿಸುತ್ತದೆ. ಆದರೆ ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಮರಳಿ ಮರಳಿ ಬರುವುದನ್ನು ಜಿಪ್ ಸಲೀಸಾಗಿ ಹಿಂಡಿಬಿಡುತ್ತದೆ. ಅದೇ ಫೋನಿನಲ್ಲಿ ತೆಗೆದ ಫೋಟೊ? ಜೆಪೆಗ್ ಆಗುವಾಗಲೇ ಅದನ್ನು ಹಿಂಡಿ ಆಗಿರುತ್ತದೆ. ಅದನ್ನು ಜಿಪ್ ಮಾಡಿದರೆ ಗಾತ್ರ ಇಳಿಯುವುದಿಲ್ಲ, ಒಟ್ಟಿಗೆ ಕಟ್ಟಿದಂತಾಗುತ್ತದೆ ಅಷ್ಟೆ. ಒಂದು ಪುಟದ ಕರಾರನ್ನು ಬರಹವಾಗಿ ಕಳಿಸಿದರೆ ಕೆಲವು ಸಾವಿರ ಬೈಟ್‌ನಲ್ಲಿ ಮುಗಿಯುತ್ತದೆ. ಅದನ್ನೇ ಪ್ರಿಂಟ್ ಮಾಡಿ, ಮೇಜಿನ ಮೇಲಿಟ್ಟು, ಓರೆಯಾಗಿ ಫೋಟೊ ಹೊಡೆದು, ಆರು ಎಂಬಿ ಮಾಡಿ, ‘ಸೈಜ್ ಜಾಸ್ತಿ ಆಯ್ತು’ ಎಂದು ಜಿಪ್ ಮಾಡಿ ಕಳಿಸುವವರನ್ನು ಏನೆನ್ನಬೇಕು? ನಾನು ಎಂಜಿನಿಯರ್ ಆಗಿಯೂ ಸಿಟ್ಟಾಗುತ್ತೇನೆ, ಕಣ್ಣಿಲ್ಲದವನಾಗಿಯೂ ಸಿಟ್ಟಾಗುತ್ತೇನೆ.

ಕನ್ನಡದ ಹೆಸರು ಗ್ರೀಕ್ ಆಗುವುದಕ್ಕೂ ಒಂದು ಕಥೆ ಇದೆ. ಜಿಪ್ ಹುಟ್ಟಿದ ಕಾಲಕ್ಕೆ ಫೈಲಿನ ಹೆಸರು ಬರೆಯಲು ಬಳಸಿದ್ದು ಐಬಿಎಂ ಪಿಸಿಯ ಹಳೆಯ ಅಕ್ಷರಪಟ್ಟಿ. ಅದರಲ್ಲಿದ್ದದ್ದು ಇಂಗ್ಲಿಷ್, ಒಂದಿಷ್ಟು ಯುರೋಪಿನ ಅಕ್ಷರ, ಕೆಲವು ಗ್ರೀಕ್ ಅಕ್ಷರ, ಮತ್ತೆ ಚೌಕ ಬರೆಯುವ ಗೆರೆಗಳು. ಕನ್ನಡ ಎಲ್ಲಿಂದ ಬರಬೇಕು? 2006ರಲ್ಲಿ ಜಿಪ್‌ನ ನಿಯಮಾವಳಿಗೆ ಒಂದು ಸಣ್ಣ ಬಾವುಟ ಸೇರಿತು, ‘ಈ ಹೆಸರು ಯುಟಿಎಫ್-8ರಲ್ಲಿದೆ’ ಎಂದು ಹೇಳುವ ಒಂದೇ ಒಂದು ಬಿಟ್. ಕಟ್ಟುವ ತಂತ್ರಾಂಶ ಆ ಬಾವುಟ ಹಾರಿಸಿದರೆ ಬಿಚ್ಚುವ ತಂತ್ರಾಂಶ ಕನ್ನಡವನ್ನು ಕನ್ನಡವಾಗಿ ಓದುತ್ತದೆ. ಹಾರಿಸದಿದ್ದರೆ ‘ಉತಾರ’ ಎಂಬ ಹೆಸರು ಗ್ರೀಕ್, ಫ್ರೆಂಚ್, ಗೆರೆ ಮತ್ತು ಮೌನಗಳ ಮೆರವಣಿಗೆಯಾಗುತ್ತದೆ. ಕಣ್ಣಿದ್ದವರು ಇಂಥದ್ದನ್ನು ನೋಡಿದರೆ ‘ಏನೋ ಕೆಟ್ಟಿದೆ’ ಎಂದು ತೆರೆದು ನೋಡುತ್ತಾರೆ, ಉತಾರದ ಚಿತ್ರ ಕಾಣುತ್ತದೆ, ಮುಗಿಯಿತು. ನನಗೆ ಹೆಸರೂ ಇಲ್ಲ, ಒಳಗಿನ ಚಿತ್ರವೂ ಇಲ್ಲ. ಎರಡೂ ಕಡೆ ಬಾಗಿಲು ಮುಚ್ಚಿದಂತೆ.

ಇಷ್ಟೆಲ್ಲ ಹೇಳಿ ಅವ್ವನ ಮಾತು ಹೇಳದಿದ್ದರೆ ಆಗುವುದಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಯಾರಾದರೂ ಊರ ಕಡೆಯವರು ಪುಣೆಗೆ ಬರುವಾಗ ಅವ್ವ ಗಂಟು ಕಳಿಸುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಪುಡಿಗಳೆಲ್ಲ ಕೈಗೆ ಒಂದೇ ಥರ ಸಿಗುತ್ತವೆ. ವಾಸನೆ ನೋಡಿ ಕಂಡುಹಿಡಿಯಬಹುದು, ಆದರೆ ಅದಕ್ಕೆ ಒಂದೊಂದನ್ನೂ ಬಿಚ್ಚಬೇಕು. ನಾನು ಮೊದಲ ಸಲ ಊರು ಬಿಟ್ಟಾಗಲೇ ಅವ್ವ ಹೇಳಿಬಿಟ್ಟಿದ್ದಳು: ‘ಒಂದ ಗಂಟು ಹಾಕಿದ್ದು ಗುರೆಳ್ಳು, ಎರಡ ಗಂಟು ಶೇಂಗಾ, ರಬ್ಬರ್ ಇದ್ದದ್ದು ಅಗಸಿ. ನೆನಪ ಇಟ್ಕೋ.’ ಅವ್ವ ಮೂರನೇ ಇಯತ್ತೆ ಓದಿದವಳು. ಆಕ್ಸೆಸಿಬಿಲಿಟಿ ಎಂಬ ಪದ ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಆ ವಿಷಯದ ಮೇಲೆ ಒಂದು ಗಂಟೆಯ ತರಬೇತಿ ಇರುತ್ತದೆ. ತರಬೇತಿಯ ಸಾಮಗ್ರಿ ಜಿಪ್‌ನಲ್ಲಿ ಬರುತ್ತದೆ. ಒಳಗೆ ಬರೀ ಚಿತ್ರಗಳಾಗಿ ಮಾಡಿದ ಸ್ಲೈಡುಗಳು. ನಗಬೇಕೋ ಅಳಬೇಕೋ!

ವೆಬ್‌ಸೈಟುಗಳು ಸುಧಾರಿಸಿವೆ, ಅದನ್ನು ಒಪ್ಪಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳು ಎಲ್ಲರ ಕೈಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಆ ತೀರ್ಪು ಬಂದ ದಿನ ನಮ್ಮ ಗೆಳೆಯರ ಬಳಗದಲ್ಲಿ ಹಬ್ಬವೇ ಆಯಿತು. ಈಗ ಬ್ಯಾಂಕಿನ ಪುಟದಲ್ಲಿ ಬಟನ್ನುಗಳಿಗೆ ಹೆಸರಿರುತ್ತದೆ, ಸರ್ಕಾರಿ ಪೋರ್ಟಲಿನಲ್ಲಿ ಕೀಲಿಮಣೆ ಹಿಡಿದು ಓಡಾಡಬಹುದು. ಆದರೆ ಇಷ್ಟೆಲ್ಲ ದಾಟಿ ‘ಡೌನ್‌ಲೋಡ್’ ಒತ್ತಿದ ಮೇಲೆ ಕೈಗೆ ಬರುವ ಗಂಟಿನ ಒಳಗೆ ಏನಿದೆ ಎಂದು ನೋಡುವವರು ಯಾರೂ ಇಲ್ಲ. ರಸ್ತೆ ಮಾಡಿ, ಇಳಿಜಾರು ಮಾಡಿ, ಬಾಗಿಲು ಅಗಲ ಮಾಡಿ, ಒಳಗೆ ಖಾಲಿ ಕೋಣೆ ಕೊಟ್ಟಂತೆ. ತಪಾಸಣೆಯವರು ಪುಟ ನೋಡಿ ಅಂಕ ಕೊಟ್ಟು ಹೋಗುತ್ತಾರೆ. ಜಿಪ್‌ನ ಒಳಗಿನದನ್ನು ಕಟ್ಟಿದ್ದು ಯಾವುದೋ ವಿಭಾಗದ ಯಾರೋ ಗುಮಾಸ್ತ, ಅವನಿಗೆ ಯಾರೂ ಏನೂ ಹೇಳಿರುವುದಿಲ್ಲ.

ಕೆಲವರು ಹೇಳುತ್ತಾರೆ, ಚಿತ್ರ ಇದ್ದರೇನು, ಈಗ ಎಐ ಓದಿ ಹೇಳುತ್ತದಲ್ಲ ಎಂದು. ಹೇಳುತ್ತದೆ, ನಿಜ. ನಾನೂ ಬಳಸುತ್ತೇನೆ. ಆದರೆ ನಿಮ್ಮ ಹೊಲದ ಕಾಗದವನ್ನು, ನಿಮ್ಮ ರಕ್ತಪರೀಕ್ಷೆಯ ವರದಿಯನ್ನು ಯಾವುದೋ ದೇಶದ ಸರ್ವರಿಗೆ ಹಾಕಿ ‘ಇದರಲ್ಲಿ ಏನಿದೆ’ ಎಂದು ಕೇಳಲು ನಿಮಗೆ ಮನಸ್ಸು ಬರುತ್ತದೆಯೇ? ಪಕ್ಕದ ಮನೆಯವರನ್ನು ಕರೆದು ಓದಿಸುವುದಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಚಿಕ್ಕಂದಿನಿಂದ ಬೇರೆಯವರಿಂದ ಓದಿಸಿಕೊಂಡು ಬೆಳೆದವನಿಗೆ ತನ್ನ ಕಾಗದ ತಾನೇ ಓದುವುದರ ರುಚಿ ಏನು ಎಂದು ಗೊತ್ತು. ಜೊತೆಗೆ ಯಂತ್ರ ಓದಿದ್ದರಲ್ಲಿ ತಪ್ಪಿದ್ದರೆ ನನಗೆ ಪತ್ತೆ ಹಚ್ಚುವ ದಾರಿ ಇಲ್ಲ. ಅಂಕಿಗಳಲ್ಲಂತೂ ನಾನು ಯಾವ ಯಂತ್ರವನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ.

ಆ ಶನಿವಾರ ರಾತ್ರಿಗೆ ಮರಳಿ ಬರುತ್ತೇನೆ. ವರ್ಡ್ ಫೈಲಿನ ಬಡಬಡಿಕೆಗೆ ಕಾರಣ ನನಗೆ ಬೇಗ ಹೊಳೆಯಿತು. ಬಾಂಡ್ ರೈಟರ್ ಅದನ್ನು ಯುನಿಕೋಡ್ ಬರುವ ಮೊದಲಿನ ಬಗೆಯ ಫಾಂಟಿನಲ್ಲಿ ಬರೆದಿದ್ದರು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಗುಪ್ಪೆ. ಒಂದು ಕಾಲಕ್ಕೆ ಕನ್ನಡವನ್ನು ಕಂಪ್ಯೂಟರಿಗೆ ತಂದದ್ದೇ ಆ ಉಪಾಯ, ಅದರ ಋಣ ದೊಡ್ಡದು. ಆದರೆ ಆ ಕಾಲ ಮುಗಿದು ಎಷ್ಟೋ ವರ್ಷವಾದರೂ ತಾಲ್ಲೂಕು ಕಚೇರಿಯ ಸುತ್ತಮುತ್ತಲಿನ ಅಂಗಡಿಗಳಲ್ಲಿ ಅದಿನ್ನೂ ನಡೆಯುತ್ತಿದೆ. ಹಳೆಯದನ್ನು ಯುನಿಕೋಡ್‌ಗೆ ಬದಲಿಸುವ ಸಾಧನ ನನ್ನ ಬಳಿ ಇತ್ತು. ಹಾಕಿದೆ. ಅಲ್ಲಲ್ಲಿ ಒತ್ತಕ್ಷರ ತಪ್ಪಿದವು, ಆದರೆ ಓದುವಂತಾಯಿತು. ಫೋಟೊಗಳನ್ನು ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆ. ಅದು ಉಚಿತ, ನನ್ನ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕನ್ನಡವೂ ಬರುತ್ತದೆ. ಹನ್ನೊಂದು ಫೋಟೊಗಳಲ್ಲಿ ಎರಡು ತಲೆಕೆಳಗಾಗಿದ್ದವು, ಒಂದರಲ್ಲಿ ಏನೂ ಸಿಗಲಿಲ್ಲ. ಅದು ತಮ್ಮನ ಎಮ್ಮೆಯ ಫೋಟೊ ಎಂದು ಮರುದಿನ ತಿಳಿಯಿತು. ಕೈ ತಪ್ಪಿ ಸೇರಿತ್ತಂತೆ.

ರಾತ್ರಿ ಒಂದೂವರೆಯ ಹೊತ್ತಿಗೆ ವಾಟ್ನಿ ಪತ್ರದ ಪಾಲಿನ ಭಾಗಕ್ಕೆ ಬಂದೆ. ನನ್ನ ಪಾಲು ಎರಡು ಎಕರೆ ಇಪ್ಪತ್ತು ಗುಂಟೆ. ತಮ್ಮನ ಪಾಲು ಎರಡು ಎಕರೆ ಇಪ್ಪತ್ತು ಗುಂಟೆ. ಅವ್ವನ ಪಾಲು ಎರಡು ಎಕರೆ ಎರಡು ಗುಂಟೆ.

ಮತ್ತೆ ಓದಿಸಿದೆ. ಅಂಕಿ ಅಂಕಿಯಾಗಿ ಓದಿಸಿದೆ. ಸೊನ್ನೆ, ಎರಡು. ಫಾಂಟ್ ಬದಲಿಸುವಾಗ ಅಂಕಿ ಅದಲುಬದಲಾಗುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದರೂ ಮೂಲ ಫೈಲಿಗೆ ಹೋಗಿ ಅಲ್ಲೂ ಕೇಳಿಸಿಕೊಂಡೆ. ಅಲ್ಲೂ ಸೊನ್ನೆ, ಎರಡು. ಉತಾರದ ಫೋಟೊದಲ್ಲಿ ಒಟ್ಟು ವಿಸ್ತೀರ್ಣ ಏಳು ಎಕರೆ ಇಪ್ಪತ್ತು ಗುಂಟೆ ಎಂದೇ ಬಂದಿತ್ತು. ಕರಡಿನ ಮೂರು ಪಾಲು ಕೂಡಿಸಿದರೆ ಏಳು ಎಕರೆ ಎರಡು ಗುಂಟೆ. ಹದಿನೆಂಟು ಗುಂಟೆ ಹೊಲ ಎಲ್ಲಿ ಹೋಯಿತು?

ಬೆಳಿಗ್ಗೆ ಆರಕ್ಕೆ ತಮ್ಮನಿಗೆ ಫೋನ್ ಮಾಡಿದೆ. ಅವನು ನಿದ್ದೆಗಣ್ಣಲ್ಲೇ ಕಾಗದ ಹಿಡಿದು ಓದಿದ: ‘ಎರಡ ಎಕರೆ ಇಪ್ಪತ್ತ ಗುಂಟೆ… ಏ ತಡಿ ತಡಿ. ಅಯ್ಯ, ಇದು ಇಪ್ಪತ್ತ ಅಲ್ಲಲೋ ಅಣ್ಣಾ!’ ಅವನು ಅದನ್ನು ನಾಲ್ಕು ಸಲ ಓದಿದ್ದನಂತೆ. ಬಾಂಡ್ ರೈಟರ್ ಓದಿದ್ದರು. ಸಾಕ್ಷಿ ಹಾಕಬೇಕಾಗಿದ್ದ ಕಾಕಾ ಓದಿದ್ದರು. ಇಪ್ಪತ್ತು ಇರಬೇಕು ಎಂದು ಗೊತ್ತಿದ್ದವರ ಕಣ್ಣು ಇಪ್ಪತ್ತನ್ನೇ ಕಂಡಿತ್ತು. ಯಾರ ಮೋಸವೂ ಇರಲಿಲ್ಲ, ಬೆರಳಿನ ತಪ್ಪು ಅಷ್ಟೆ. ಆದರೆ ನೋಂದಣಿಯಾದ ಮೇಲೆ ಆ ತಪ್ಪನ್ನು ತಿದ್ದಿಸಲು ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಬೇಕಾಗುತ್ತಿತ್ತು ಎಂದು ಊರು ಕಡೆಯ ವ್ಯವಹಾರ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಸೋಮವಾರದ ನೋಂದಣಿ ಗುರುವಾರಕ್ಕೆ ಹೋಯಿತು. ನಾನು ಬಸ್ ಟಿಕೆಟ್ ಬದಲಿಸಿದೆ.

ಎರಡು ನಿಮಿಷದಲ್ಲಿ ಓದಬೇಕಾದ ಕಾಗದಕ್ಕೆ ನನಗೆ ಐದು ಗಂಟೆ ಹಿಡಿಯಿತು. ನಾನು ಎಂಜಿನಿಯರ್, ಸಾಧನಗಳು ಕೈಯಲ್ಲಿವೆ, ಯುನಿಕೋಡ್ ಎಂದರೇನು ಎಂದು ಗೊತ್ತಿದೆ. ಗೊತ್ತಿಲ್ಲದವನು ಏನು ಮಾಡಬೇಕು? ‘ಸರಿ ಇರಬಹುದು’ ಎಂದು ಹೂಂ ಅನ್ನಬೇಕು. ನಮ್ಮಲ್ಲಿ ಬಹಳ ಜನ ಹಾಗೆ ಹೂಂ ಅಂದೇ ಬಾಳು ಸಾಗಿಸುತ್ತಾರೆ. ಸಹಿ ಎಲ್ಲಿ ಹಾಕಬೇಕು ಎಂದು ಕೈ ಹಿಡಿದು ತೋರಿಸುತ್ತಾರೆ, ಹಾಕಿ ಬರುತ್ತಾರೆ.

ನಾನು ಗುರುವಾರ ನೋಂದಣಿ ಮುಗಿದ ಮೇಲೆ ಬಾಂಡ್ ರೈಟರ್ ಅಂಗಡಿಯಲ್ಲಿ ಕೂತು ಅವರಿಗೆ ಯುನಿಕೋಡ್ ಕೀಲಿಮಣೆ ಹೇಗೆ ಹಾಕಿಕೊಳ್ಳುವುದು ಎಂದು ತೋರಿಸಿದೆ. ಅವರು ಚಹಾ ತರಿಸಿದರು, ‘ಈ ವಯಸ್ಸಿನ್ಯಾಗ ನಂಗ ಇದೆಲ್ಲಾ ಎಲ್ಲಿ ಬರ್ತೈತ್ರೀ’ ಎಂದರು, ಆದರೂ ಬೆರಳು ಇಟ್ಟು ನೋಡಿದರು. ಕೀಲಿಗಳ ಜಾಗ ಹಳೆಯದೇ ಇದೆ ಎಂದು ಗೊತ್ತಾದಾಗ ಅವರಿಗೇ ಆಶ್ಚರ್ಯ. ಬಿಟ್ಟರೋ ಮುಂದುವರಿಸಿದರೋ ಗೊತ್ತಿಲ್ಲ.

ತಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಗಂಟಿಗೆ ಹೆಸರಿಡು, ಒಳಗಿನ ಒಂದೊಂದಕ್ಕೂ ಹೆಸರಿಡು. ಗಂಟಿನೊಳಗೆ ಗಂಟು ಬೇಡ. ಬರಹ ಇದ್ದರೆ ಬರಹವನ್ನೇ ಕಳಿಸು, ಫೋಟೊ ಹೊಡೆಯಬೇಡ. ಫೋಟೊ ಬಿಟ್ಟು ಗತಿಯಿಲ್ಲದಿದ್ದರೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿಡು. ಪಾಸ್‌ವರ್ಡ್ ಇಟ್ಟರೆ ಅದನ್ನು ಚಿತ್ರದಲ್ಲಿ ಕಳಿಸಬೇಡ. (ಇದನ್ನು ಮಾಡಿದವರೂ ಇದ್ದಾರೆ, ನಮ್ಮ ಆಫೀಸಿನಲ್ಲೇ.) ಅವನು ‘ಹೂಂ ಹೂಂ’ ಎಂದು ಕೇಳಿಕೊಂಡ. ತಮ್ಮಂದಿರ ಹೂಂ ಎಂಥದ್ದು ಎಂದು ಅಣ್ಣಂದಿರಿಗೆ ಗೊತ್ತು, ಹೆಚ್ಚು ನಂಬಿಕೆ ಇಟ್ಟುಕೊಳ್ಳಲಿಲ್ಲ.

ಮೊನ್ನೆ ಮೂವರ ಹೆಸರಿನ ಹೊಸ ಉತಾರ ಆಗಿ ಬಂತು. ತಮ್ಮ ಮೇಲ್ ಹಾಕಿದ್ದ. ಜಿಪ್‌ನ ಹೆಸರು ‘ಹೊಲದ ಕಾಗದ’. ಬಾವುಟ ಸರಿಯಾಗಿ ಹಾರಿತ್ತು, ಕನ್ನಡ ಕನ್ನಡವಾಗಿಯೇ ಕೇಳಿಸಿತು. ಒಳಗೆ ನಾಲ್ಕು ಫೈಲು: ‘ಉತಾರ ಅವ್ವ’, ‘ಉತಾರ ಅಣ್ಣ’, ‘ಉತಾರ ನಾನು’, ನಾಲ್ಕನೆಯದು ‘ಮೊದಲ ಇದನ್ನ ಓದು’. ತೆರೆದೆ. ಮೂರು ಸಾಲು ಬರೆದಿದ್ದ.

‘ಅಣ್ಣಾ, ಮೂರೂ ಉತಾರದಾಗ ಎರಡ ಎಕರೆ ಇಪ್ಪತ್ತ ಗುಂಟೆ ಐತಿ, ಬೆರಳ ಇಟ್ಟ ನೋಡೇನಿ. ಈ ಸಲ ಎಮ್ಮಿ ಫೋಟೊ ಇಲ್ಲ. ಅವ್ವ ನಾಳೆ ಬಸ್ಸಿಗೆ ಗಂಟು ಕಳಸಾಕತ್ತಾಳ, ಅಗಸಿ ಖಾಲಿ ಆಗೇತಂತ, ರಬ್ಬರ್ ಹಾಕಿದ್ದು ಖಾರದ ಪುಡಿ, ನೋಡಿ ಬಿಚ್ಚು.’